ಯೋಗ ಟೀಚರ್ ಹೆಗಲ ಮೇಲೆ ದೆವ್ವ ಹುಡುಕಿದ ಕಥೆ: ಫ್ರ್ಯಾಂಕ್ ಪೆರೆಟ್ಟಿ ಓದಿದವರು ಯಾರಿದ್ದೀರಿ?

ಬಲ್ಮಠದವಳು
ಶನಿವಾರ, ರಾತ್ರಿ 9:40

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ದೊಡ್ಡಮ್ಮ ಕ್ರಿಸ್ಮಸ್‌ಗೆ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಕೊಟ್ಟರು. ಫ್ರ್ಯಾಂಕ್ ಪೆರೆಟ್ಟಿ ಬರೆದ 'ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್'. ಮೂರು ರಾತ್ರಿ ಹೊದಿಕೆ ಒಳಗೆ ಟಾರ್ಚ್ ಹಿಡಿದು ಓದಿ ಮುಗಿಸಿದೆ. ಕಳೆದ ವಾರ ಮನೆ ಬದಲಾಯಿಸುವಾಗ ಪುಸ್ತಕ ಮತ್ತೆ ಕೈಗೆ ಸಿಕ್ಕಿತು.

ಓದದವರಿಗೆ ಚುಟುಕಾಗಿ ಕಥೆ. ಅಮೆರಿಕದಲ್ಲಿ ಆಷ್ಟನ್ ಅಂತ ಒಂದು ಕಾಲೇಜಿರುವ ಸಣ್ಣ ಊರು. ಕಾಲ್ಪನಿಕವೇ. ಅಲ್ಲಿನ ಸಣ್ಣ ಚರ್ಚ್ ಸಭೆಯೊಂದಕ್ಕೆ ಹ್ಯಾಂಕ್ ಬುಶ್ ಎಂಬ ಯುವ ಪಾಸ್ಟರ್. ಊರಿನ ಪತ್ರಿಕೆಗೆ ಮಾರ್ಷಲ್ ಹೋಗನ್ ಸಂಪಾದಕ. ಒಂದು ದೊಡ್ಡ ಕಂಪನಿ ಸದ್ದಿಲ್ಲದೆ ಊರನ್ನೇ ಕೊಂಡುಕೊಳ್ಳುತ್ತಿದೆ. ಪೊಲೀಸ್ ಮುಖ್ಯಸ್ಥ, ಒಬ್ಬ ಪ್ರೊಫೆಸರ್, ದೊಡ್ಡ ಚರ್ಚಿನ ಪಾಸ್ಟರ್ ಎಲ್ಲರೂ ಅದರ ಕಡೆ. ಇದು ನೆಲದ ಮೇಲಿನ ಕಥೆ. ಅದೇ ಹೊತ್ತಿಗೆ ಮನೆಗಳ ಮಾಡಿನ ಮೇಲೆ, ಜನರ ಹೆಗಲ ಮೇಲೆ, ಚರ್ಚಿನ ಹೆಂಚಿನ ಮೇಲೆ ದೇವದೂತರೂ ದೆವ್ವಗಳೂ ಕತ್ತಿ ಹಿಡಿದು ಹೊಡೆದಾಡುತ್ತಿದ್ದಾರೆ. ಮನುಷ್ಯರಿಗೆ ಅದು ಕಾಣುವುದಿಲ್ಲ. ಓದುಗರಿಗೆ ಮಾತ್ರ ಕಾಣುತ್ತದೆ.

ಓದಿ ಮುಗಿಸಿದ ಮೇಲೆ ಒಂದು ತಿಂಗಳು ನನಗೂ ಎಲ್ಲರ ಹೆಗಲ ಮೇಲೆ ಏನೋ ಕೂತಿದೆ ಅನಿಸುತ್ತಿತ್ತು. ಆಗ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಒಬ್ಬ ಆಂಟಿ ಯೋಗ ಹೇಳಿಕೊಡುತ್ತಿದ್ದರು. ಪಾಪದ ಹೆಂಗಸು. ಮಳೆ ಬಂದರೆ ನಮ್ಮ ಬಟ್ಟೆಯನ್ನೂ ತೆಗೆದು ಒಳಗಿಡುತ್ತಿದ್ದರು. ಅವರು ಲಿಫ್ಟಿಗೆ ಬಂದರೆ ನಾನು ಮನಸ್ಸಿನಲ್ಲೇ "ಯೇಸುವಿನ ಹೆಸರಿನಲ್ಲಿ ತೊಲಗು" ಅನ್ನುತ್ತಿದ್ದೆ. ಈಗ ನೆನೆದರೆ ನಾಚಿಕೆ ಆಗುತ್ತದೆ.

ಆದರೂ ಮೊನ್ನೆ ಸುಮ್ನೆ ಒಂದು ಪುಟ ತೆರೆದವಳು ರಾತ್ರಿ ಎರಡು ಗಂಟೆವರೆಗೆ ಕೂತೆ. ಇದು ಹೇಗೆ ಇಷ್ಟು ಹಿಡಿದುಕೊಳ್ಳುತ್ತದೆ? ಬೇರೆಯವರ ಅನುಭವ ಏನು?

ಹಳೇಪೇಟೆ ಗ್ರಂಥಪಾಲಕ
ಶನಿವಾರ, ರಾತ್ರಿ 10:15

ಒಳ್ಳೆ ವಿಷಯ ಎತ್ತಿದ್ದೀರಿ. ಪುಸ್ತಕ ಬಂದದ್ದು 1986ರಲ್ಲಿ. ಹಲವು ಪ್ರಕಾಶಕರು ಬೇಡ ಅಂದ ಮೇಲೆ ಕ್ರಾಸ್‌ವೇ ಅಚ್ಚು ಹಾಕಿತು. ಮೊದಲು ಅಷ್ಟೇನೂ ಹೋಗಲಿಲ್ಲ. ಆಮೇಲೆ ಗಾಯಕಿ ಏಮಿ ಗ್ರಾಂಟ್ ಇದನ್ನು ಓದಿ ತಮ್ಮ ಅಭಿಮಾನಿಗಳಿಗೆ ಹೇಳಿದರು. ಬಾಯಿಂದ ಬಾಯಿಗೆ ಹೋಗಿ 20 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. 1989ರಲ್ಲಿ ಎರಡನೇ ಭಾಗ 'ಪಿಯರ್ಸಿಂಗ್ ದಿ ಡಾರ್ಕ್‌ನೆಸ್' ಬಂತು. 'ಕ್ರಿಶ್ಚಿಯನ್ ಥ್ರಿಲ್ಲರ್' ಎಂದು ಪುಸ್ತಕದಂಗಡಿಯಲ್ಲಿ ಬೇರೆ ಕಪಾಟು ಬರಲು ಈತ ದೊಡ್ಡ ಕಾರಣ.

ಹೆಸರು ಬಂದದ್ದು ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಿಂದ. ನಮ್ಮ ಹೋರಾಟ ಮನುಷ್ಯರ ಮೇಲಲ್ಲ, ಅಂಧಕಾರದ ಲೋಕಾಧಿಪತಿಗಳ ಮೇಲೆ ಅಂತ ಪೌಲ ಹೇಳುವ ಜಾಗ.

ಬಲ್ಮಠದವಳು

ಅದೇ ಅಲ್ವಾ ತಮಾಷೆ. ಬೈಬಲ್ ವಚನ ಹೇಳುವುದು 'ಮನುಷ್ಯರ ಮೇಲಲ್ಲ' ಅಂತ. ನಾನು ಓದಿ ಕಲಿತದ್ದು ಯೋಗ ಆಂಟಿಯನ್ನು ದುರುಗುಟ್ಟಿ ನೋಡುವುದನ್ನು.

ಉಪವಾಸ ಶುಕ್ರವಾರ
ಶನಿವಾರ, ರಾತ್ರಿ 10:52

ತಂಗೀ, ಅದು ಪುಸ್ತಕದ ತಪ್ಪಾ, ಒಂಬತ್ತನೇ ಕ್ಲಾಸಿನ ತಪ್ಪಾ? ನಾನು ಇದನ್ನು ಮೂರು ಸಲ ಓದಿದ್ದೇನೆ. ನನಗೆ ಸಿಕ್ಕಿದ್ದು ಬೇರೆ.

ಆ ಕಥೆಯಲ್ಲಿ ದೇವದೂತರು ಸುಮ್ಮನೆ ಗೆಲ್ಲುವುದಿಲ್ಲ. ಅವರ ನಾಯಕ ಟಾಲ್ ಸೈನ್ಯ ಇಟ್ಟುಕೊಂಡು ಕಾಯುತ್ತಾನೆ. ಯಾಕೆ? ಕೆಳಗೆ ಪ್ರಾರ್ಥನೆ ಸಾಲುತ್ತಿಲ್ಲ. ಜನ ಮೊಣಕಾಲೂರಿದರೆ ಮೇಲೆ ಕತ್ತಿಗೆ ಬಲ ಬರುತ್ತದೆ. ಜನ ತೂಕಡಿಸಿದರೆ ಕೈ ಸೋಲುತ್ತದೆ. ಅಲ್ಲಿ ಈಡಿತ್ ಡಸ್ಟರ್ ಅಂತ ಒಬ್ಬ ಅಜ್ಜಿ ಬರುತ್ತಾರೆ. ನನ್ನ ಅಜ್ಜಿಯೇ ಬಂದಂತೆ ಆಯಿತು ನನಗೆ. ಹಾಸನದ ಕಡೆ ಒಂದು ಹಳ್ಳಿಯಲ್ಲಿ ಇದ್ದವರು. ಅಕ್ಷರ ಬಾರದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಊರಿನ ಒಂದೊಂದು ಮನೆ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದರು. ಗೌಡರ ಮನೆ, ಶಾನುಭೋಗರ ಮನೆ, ಸಾಬರ ಮನೆ, ಎಲ್ಲ. ಸಭೆಯಲ್ಲಿ ಅವರನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಇಂಥ ಮುದುಕಿಯೇ ಊರು ಕಾಯುವವಳು ಅಂತ ಒಂದು ಕಾದಂಬರಿ ಹೇಳಿದರೆ ನನಗೆ ಅದೇ ಸಾಕು.

ಬಡಗುತಿಟ್ಟು
ಭಾನುವಾರ, ಬೆಳಿಗ್ಗೆ 7:05

ನಾನು ಕ್ರಿಶ್ಚಿಯನ್ ಅಲ್ಲ, ಯಕ್ಷಗಾನದ ಹುಚ್ಚ. ಹೀಗೆ ನಡುವೆ ಬಾಯಿ ಹಾಕಬಹುದಾ?

ಮೇಲೆ ಯುದ್ಧ, ಕೆಳಗೆ ಮನುಷ್ಯರು ಅಂದ ಕೂಡಲೇ ನನಗೆ ಕಿವಿ ನೆಟ್ಟಗಾಯಿತು. ಒಂದು ಪ್ರಶ್ನೆ ಉಂಟು. ಆ ದೆವ್ವಗಳಿಗೆ ಅರ್ಥಗಾರಿಕೆ, ಅಂದರೆ ತಮ್ಮ ಪಕ್ಷ ಹೇಳುವ ಮಾತು, ಉಂಟಾ? ನಮ್ಮಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಆರ್ಭಟ ಕೊಟ್ಟೇ ಬರುವುದು. ಮಕ್ಕಳು ಹೆದರಿ ಅಳುತ್ತಾರೆ. ಆದರೆ ಆಮೇಲೆ ಕೂತು ಮಾತಾಡುತ್ತದೆ ನೋಡಿ, ರಾವಣನಿಗೂ ಅವನದೇ ಆದ ನ್ಯಾಯ ಇರುತ್ತದೆ. ತಾಳಮದ್ದಳೆಯಲ್ಲಿ ಒಳ್ಳೆ ಅರ್ಥಧಾರಿ ಸಿಕ್ಕರೆ ರಾಮನೇ ತಬ್ಬಿಬ್ಬು.

ಬಲ್ಮಠದವಳು

ಧಾರಾಳ ಬನ್ನಿ ಮಾರಾಯ್ರೆ. ಅರ್ಥಗಾರಿಕೆ ಇಲ್ಲ! ರಾಫರ್ ಎಂಬ ದೊಡ್ಡ ದೆವ್ವಕ್ಕೆ ಗರ್ವ ಉಂಟು, ಅದರ ಕೆಳಗಿನವಕ್ಕೆ ಹೊಟ್ಟೆಕಿಚ್ಚು ಉಂಟು, ಬಾಯಿ ತೆರೆದರೆ ಗಂಧಕದ ವಾಸನೆ ಉಂಟು. ನ್ಯಾಯ ಇಲ್ಲ.

ಹಳೇಪೇಟೆ ಗ್ರಂಥಪಾಲಕ
ಭಾನುವಾರ, ಮಧ್ಯಾಹ್ನ 1:30

ಬಡಗುತಿಟ್ಟಿನವರು ಸರಿಯಾದ ಜಾಗಕ್ಕೇ ಕೈ ಇಟ್ಟರು. ಈ ಸಾಹಿತ್ಯದ ಹಳೆಯ ದೊಡ್ಡವರು ಸೈತಾನನ ಬಾಯಿಗೆ ಮಾತು ಕೊಟ್ಟಿದ್ದರು. 1667ರಲ್ಲಿ ಬಂದ ಮಿಲ್ಟನ್‌ನ ಕಾವ್ಯ 'ಪ್ಯಾರಡೈಸ್ ಲಾಸ್ಟ್' ನೋಡಿ, ಮೊದಲ ಭಾಗದಲ್ಲೇ ಸೈತಾನ ಆಡುವ ಮಾತಿಗೆ ಓದುಗರೇ ಮರುಳಾಗುತ್ತಾರೆ. 1942ರಲ್ಲಿ ಸಿ. ಎಸ್. ಲೂಯಿಸ್ 'ಸ್ಕ್ರೂಟೇಪ್ ಲೆಟರ್ಸ್' ತಂದರು. ಅದರಲ್ಲಿ ಕತ್ತಿಯೂ ಇಲ್ಲ, ಗಂಧಕವೂ ಇಲ್ಲ. ನರಕದ ಕಚೇರಿಯಲ್ಲಿ ಒಬ್ಬ ಹಿರಿಯ ಅಧಿಕಾರಿ ತನ್ನ ಸೋದರಳಿಯನಿಗೆ ಕಾಗದ ಬರೆಯುತ್ತಾನೆ, ಅಷ್ಟೇ. ನಿನಗೆ ಒಪ್ಪಿಸಿದ ಮನುಷ್ಯನನ್ನು ದೊಡ್ಡ ಪಾಪಕ್ಕೆ ತಳ್ಳಬೇಡ, ಅಮ್ಮನ ಮೇಲೆ ಸಣ್ಣ ಸಣ್ಣ ಸಿಡುಕು ಬೆಳೆಸು ಸಾಕು ಎಂಬ ಧಾಟಿ. ನಮ್ಮ ತಾಲ್ಲೂಕು ಕಚೇರಿಯ ಫೈಲಿನ ಭಾಷೆಗೆ ಬಹಳ ಹತ್ತಿರ. ಎರಡನೇ ಮಹಾಯುದ್ಧದ ನಡುವೆ ಬರೆದರೂ ಬಾಂಬಿಗಿಂತ ಆ ಸಿಡುಕೇ ಅದರಲ್ಲಿ ಹೆಚ್ಚು ಅಪಾಯದ್ದು.

ನನಗೆ ಎಲ್ಲಕ್ಕಿಂತ ಇಷ್ಟ ಜಾನ್ ಬನ್ಯನ್ 1682ರಲ್ಲಿ ಬರೆದ 'ದಿ ಹೋಲಿ ವಾರ್'. 'ಯಾತ್ರಿಕನ ಸಂಚಾರ' ಅಂತ ಬಾಸೆಲ್ ಮಿಷನ್‌ನವರು ಕನ್ನಡಕ್ಕೆ ತಂದರಲ್ಲ, ಅದೇ ಬನ್ಯನ್. ಇದರಲ್ಲಿ ಮ್ಯಾನ್‌ಸೋಲ್ ಎಂಬ ಕೋಟೆಯ ಊರು. ಅಂದರೆ ಮನುಷ್ಯನ ಆತ್ಮವೇ ಊರು. ಅದಕ್ಕೆ ಐದು ಬಾಗಿಲು: ಕಿವಿ, ಕಣ್ಣು, ಬಾಯಿ, ಮೂಗು, ಸ್ಪರ್ಶ. ಡಯಾಬೊಲಸ್ ದಾಳಿ ಇಡುವುದು ಕಿವಿಬಾಗಿಲಿಗೆ. ಬನ್ಯನ್ ಹುಡುಗನಾಗಿದ್ದಾಗ ಇಂಗ್ಲೆಂಡಿನ ಒಳಯುದ್ಧದಲ್ಲಿ ಪಾರ್ಲಿಮೆಂಟಿನ ಸೈನ್ಯದಲ್ಲಿದ್ದವನು. ಹಾಗಾಗಿ ಮುತ್ತಿಗೆಯ ವಿವರ ಎಲ್ಲ ಕೈಯಾರೆ ಮುಟ್ಟಿದ ಹಾಗಿದೆ.

ನೋಡಿ, ಬನ್ಯನ್‌ಗೆ ಊರು ಅಂದರೆ ತನ್ನ ಎದೆ. ಪೆರೆಟ್ಟಿಗೆ ಊರು ಅಂದರೆ ಊರೇ. ಇನ್ನೂರು ಚಿಲ್ಲರೆ ಪುಟ ಬನ್ಯನ್ ಓದಿದರೆ ನಾನು ನನ್ನ ಕಿವಿಗೆ ಚಿಲಕ ಹಾಕಬೇಕು ಅನಿಸುತ್ತದೆ. ಪೆರೆಟ್ಟಿ ಓದಿದರೆ ಪಕ್ಕದ ಮನೆಯವರ ಬಾಗಿಲು ನೋಡಬೇಕು ಅನಿಸುತ್ತದೆ.

ಉಪವಾಸ ಶುಕ್ರವಾರ

ಸರ್, ಇದು ಸ್ವಲ್ಪ ಜಾಸ್ತಿ ಆಯಿತು. ಪೆರೆಟ್ಟಿಯ ಕಥೆಯಲ್ಲಿ ಹೋಗನ್ ಮನೆ ನೋಡಿ. ಅವನು ಕೆಲಸ ಕೆಲಸ ಅಂತ ಮಗಳನ್ನು ಕಳೆದುಕೊಳ್ಳುತ್ತಾನೆ. ಅಲ್ಲಿ ಬಾಗಿಲು ಅವನದೇ.

ಹಳೇಪೇಟೆ ಗ್ರಂಥಪಾಲಕ

ಒಪ್ಪಿದೆ. ಆ ಭಾಗ ನಿಜಕ್ಕೂ ಚೆನ್ನಾಗಿದೆ.

ಬೆಂದೂರ್‌ವೆಲ್ ಪೊರ್ಬು
ಭಾನುವಾರ, ಸಂಜೆ 6:20

ನಾನು ಕಥೋಲಿಕ. ನಮ್ಮ ಇಗರ್ಜಿಯಲ್ಲಿ ಸಂತ ಮೈಕಲರು ಸೈತಾನನ ಮೇಲೆ ಕಾಲಿಟ್ಟ ಪ್ರತಿಮೆ ನೋಡಿ ಬೆಳೆದವನು. ಹದಿಮೂರನೇ ಲಿಯೋ ಜಗದ್ಗುರುಗಳ (ಪೋಪ್) ಕಾಲದ ಮೈಕಲರ ಪ್ರಾರ್ಥನೆ ನಮ್ಮ ಅಮ್ಮನಿಗೆ ಬಾಯಿಪಾಠ. ಹಾಗಾಗಿ ಈ ಯುದ್ಧ ನಮಗೆ ಹೊಸದಲ್ಲ.

ಆದರೆ ನಮ್ಮಲ್ಲಿ ಇದಕ್ಕೆ ಕಟ್ಟುಪಾಡು ಹೆಚ್ಚು. ದೆವ್ವ ಬಿಡಿಸುವ ವಿಧಿ ಮಾಡಬೇಕಾದರೆ ಬಿಷಪರ ಅಪ್ಪಣೆ ಬೇಕು, ಅದೂ ಗುರುಗಳೇ ಮಾಡಬೇಕು. ಮೊದಲು ಡಾಕ್ಟರು. ಬ್ಲ್ಯಾಟಿಯವರ 1971ರ 'ದಿ ಎಕ್ಸಾರ್ಸಿಸ್ಟ್' ಓದಿದರೆ ಅರ್ಧ ಪುಸ್ತಕ ಆಸ್ಪತ್ರೆ, ಎಕ್ಸ್‌ರೇ, ಮನೋವೈದ್ಯರಲ್ಲೇ ಹೋಗುತ್ತದೆ. ಕಾರಸ್ ಎಂಬ ಗುರು ಸ್ವತಃ ಮನೋವೈದ್ಯ, ಮೇಲಾಗಿ ನಂಬಿಕೆ ಅಲ್ಲಾಡುತ್ತಿರುವವನು. ಆ ಸಂಶಯವೇ ಅಲ್ಲಿ ಥ್ರಿಲ್. ಪೆರೆಟ್ಟಿಯಲ್ಲಿ ಓದುಗನಿಗೆ ಸಂಶಯವೇ ಇಲ್ಲ. ಮೊದಲ ಪುಟದಲ್ಲೇ ದೇವದೂತರು ಊರಿಗೆ ಬಂದು ಇಳಿದಾಯಿತು.

ರಾತ್ರಿಪಾಳಿ
ಭಾನುವಾರ, ರಾತ್ರಿ 11:48

ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. 'ಮೊದಲು ಡಾಕ್ಟರು' ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ನರ್ಸ್. ನನ್ನ ತಮ್ಮನಿಗೆ ಹನ್ನೊಂದು ವರ್ಷಕ್ಕೆ ಫಿಟ್ಸ್ ಶುರುವಾಯಿತು. ಆಗ ಮನೆಗೆ ಬರುತ್ತಿದ್ದ ಪ್ರಾರ್ಥನಾ ಕೂಟದವರು ಇದು ಅಶುದ್ಧಾತ್ಮ ಅಂದರು. ಅವರಲ್ಲಿ ಒಬ್ಬರು ಇಂಥ ಕಾದಂಬರಿಗಳನ್ನೇ ಬೈಬಲ್ ವಾಕ್ಯದಂತೆ ಹೇಳುತ್ತಿದ್ದರು. ಯಾವ ದೆವ್ವದ ಹೆಸರು ಏನು, ಎಲ್ಲಿ ಉಗುರು ಚುಚ್ಚಿಕೊಂಡಿದೆ, ಎಲ್ಲ. ನಾಲ್ಕು ತಿಂಗಳು ಮಾತ್ರೆ ಇಲ್ಲದೆ ಕಳೆದವು. ಒಂದು ದಿನ ಬಚ್ಚಲಲ್ಲಿ ಬಿದ್ದು ತಲೆ ಒಡೆದುಕೊಂಡ. ಆಗ ಅಪ್ಪ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಅವನಿಗೆ ಬಿದ್ದ ಗಾಯಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ತನ್ನೊಳಗೆ ದೆವ್ವ ಇದೆ ಅಂತ ಅವನು ನಂಬಿದ್ದ. ಕನ್ನಡಿ ನೋಡುತ್ತಿರಲಿಲ್ಲ. ಈಗ ಚೆನ್ನಾಗಿದ್ದಾನೆ. ಬೆಳಿಗ್ಗೆ ರಾತ್ರಿ ಮಾತ್ರೆ, ಭಾನುವಾರ ಸಭೆಯಲ್ಲಿ ಗಿಟಾರ್. ನಾನು ಇನ್ನೂ ಪ್ರಾರ್ಥನೆ ಬಿಟ್ಟಿಲ್ಲ. ಆ ಪುಸ್ತಕ ಮಾತ್ರ ಮನೆಯಲ್ಲಿ ಇಡುವುದಿಲ್ಲ.

ಉಪವಾಸ ಶುಕ್ರವಾರ

ಅಕ್ಕ, ಇದಕ್ಕೆ ನಾನು ವಾದ ಮಾಡುವುದಿಲ್ಲ. ತಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಬಲ್ಮಠದವಳು

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬರೆದದ್ದಕ್ಕೆ ಥ್ಯಾಂಕ್ಸ್ ಅಕ್ಕ.

ಒಂದು ವಿಷಯ ನೆನಪಾಯಿತು. ಪೆರೆಟ್ಟಿಗೂ ಹುಟ್ಟುವಾಗಲೇ ಕುತ್ತಿಗೆಯಲ್ಲಿ ಗಡ್ಡೆ ಇತ್ತು. ನಾಲಗೆ ಊದಿ ಹೊರಗೆ ಬರುತ್ತಿತ್ತು, ಕಪ್ಪಾಗುತ್ತಿತ್ತು. ಶಾಲೆಯಲ್ಲಿ ಮಕ್ಕಳು ಗೋಳು ಹೊಯ್ದುಕೊಂಡರು. ಆ ಕಥೆಯನ್ನು 2000ದಲ್ಲಿ ಪುಸ್ತಕವಾಗಿಯೇ ಬರೆದಿದ್ದಾರೆ. ವಿಕಾರ ಎಂದು ಕರೆಸಿಕೊಂಡ ಹುಡುಗನೇ ಮುಂದೆ ಇಷ್ಟೊಂದು ವಿಕಾರ ರೂಪಗಳನ್ನು ಬರೆದ. ಇದರಿಂದ ಏನನ್ನು ತಿಳಿಯಬೇಕೋ ನನಗೆ ಗೊತ್ತಿಲ್ಲ, ಮನಸ್ಸಿನಲ್ಲಿ ಉಳಿದಿದೆ ಅಷ್ಟೇ.

ಸಿಯಾಟಲ್ ಕನ್ನಡಿಗ
ಸೋಮವಾರ, ಬೆಳಿಗ್ಗೆ 8:10

ನಾನಿರುವುದು ಪೆರೆಟ್ಟಿ ಬೆಳೆದ ಊರಿನಲ್ಲೇ. ಯೋಗದ ವಿಷಯಕ್ಕೆ ಒಂದಿಷ್ಟು ಹಿನ್ನೆಲೆ ಹೇಳುತ್ತೇನೆ.

ಆ ಕಾದಂಬರಿಯಲ್ಲಿ ಖಳರು ಧ್ಯಾನ ಮಾಡುವವರು, 'ವಿಶ್ವಪ್ರಜ್ಞೆ' ಅನ್ನುವವರು. ನಮಗೆ ಓದಲು ಕಸಿವಿಸಿ. ಆದರೆ ಬರೆದ ಕಾಲ ನೋಡಿ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಪಕ್ಕದ್ದೇ ಆರೆಗಾನ್. 1981ರಲ್ಲಿ ಅಲ್ಲಿಗೆ ರಜನೀಶರ ಶಿಷ್ಯರು ಬಂದು ದೊಡ್ಡ ಜಮೀನು ಕೊಂಡು ರಜನೀಶಪುರಂ ಕಟ್ಟಿದರು. ಪಕ್ಕದ ಆಂಟೆಲೋಪ್ ಎಂಬ ಪುಟ್ಟ ಊರಿನ ಆಡಳಿತವನ್ನು ಓಟಿನಿಂದಲೇ ಹಿಡಿದು ಊರಿನ ಹೆಸರನ್ನೂ ರಜನೀಶ್ ಅಂತ ಬದಲಾಯಿಸಿದರು. 1984ರಲ್ಲಿ ದ ಡಾಲ್ಸ್ ಎಂಬ ಊರಿನ ಹೋಟೆಲುಗಳ ಸಲಾಡ್‌ಗೆ ಅವರಲ್ಲಿ ಕೆಲವರು ರೋಗಾಣು ಬೆರೆಸಿ 751 ಜನ ಹಾಸಿಗೆ ಹಿಡಿದರು. ಚುನಾವಣೆಗೆ ಜನ ಬರಬಾರದು ಅಂತ ಮಾಡಿದ ಕೆಲಸ. ಮರುವರ್ಷ ಎಲ್ಲ ಕುಸಿಯಿತು. ಅದರ ಮರುವರ್ಷ ಈ ಕಾದಂಬರಿ.

ಪೆರೆಟ್ಟಿ ಇದನ್ನೇ ಇಟ್ಟುಕೊಂಡು ಬರೆದರು ಅಂತ ನಾನು ಹೇಳುತ್ತಿಲ್ಲ. ಆದರೆ 'ಪೂರ್ವದಿಂದ ಬಂದವರು ಸಣ್ಣ ಊರನ್ನು ನುಂಗುತ್ತಾರೆ' ಎಂಬ ಭಯ ಇಲ್ಲಿನ ಓದುಗರಿಗೆ ಸುಮ್ಮನೆ ಕಟ್ಟುಕಥೆ ಆಗಿರಲಿಲ್ಲ. ತಪ್ಪಾದದ್ದು ಎಲ್ಲಿ ಅಂದರೆ, ಆ ಭಯಕ್ಕೆ ಅಳತೆ ಇರಲಿಲ್ಲ. ಎಂಬತ್ತರ ದಶಕದಲ್ಲೇ ಅಮೆರಿಕದಲ್ಲಿ ಶಿಶುವಿಹಾರಗಳಲ್ಲಿ ಸೈತಾನ ಪೂಜೆ ನಡೆಯುತ್ತಿದೆ ಅಂತ ಗುಲ್ಲೆದ್ದಿತು. ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಶಾಲೆಯ ಮೊಕದ್ದಮೆ 1983ರ ದೂರಿನಿಂದ 1990ರವರೆಗೆ ಎಳೆಯಿತು. ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಅಷ್ಟರೊಳಗೆ ಆ ಶಾಲೆ ನಡೆಸುತ್ತಿದ್ದ ಮನೆಯವರ ಬದುಕು ಮುಗಿದಿತ್ತು.

ಹಳೇಪೇಟೆ ಗ್ರಂಥಪಾಲಕ

ವಿಚಿತ್ರ ಅಂದರೆ ಪೆರೆಟ್ಟಿಯ ಎರಡನೇ ಭಾಗದಲ್ಲಿ ಇದು ತಿರುಗುಮುರುಗು. ಅಲ್ಲಿ ಮಕ್ಕಳಿಗೆ ಹಿಂಸೆ ಕೊಟ್ಟರು ಅಂತ ಸುಳ್ಳು ದೂರು ಬೀಳುವುದು ಕ್ರೈಸ್ತ ಶಾಲೆಯ ಮೇಷ್ಟ್ರ ಮೇಲೆ. ಸುಳ್ಳು ಆರೋಪ ಮನೆ ಮುರಿಯುತ್ತದೆ ಅಂತ ಆತನಿಗೆ ಗೊತ್ತಿತ್ತು. ಆದರೆ ಆರೋಪ ಹೊತ್ತವರು ನಮ್ಮವರಾದಾಗ ಮಾತ್ರ ಆ ಕನಿಕರ.

ಬಡಗುತಿಟ್ಟು
ಸೋಮವಾರ, ರಾತ್ರಿ 9:00

ನಿನ್ನೆಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ಒಂದೊಂದು ಊರಿಗೆ ಒಂದೊಂದು ದೆವ್ವ ಅಧಿಪತಿ ಅಂತ ಉಂಟಂತೆ ಹೌದಾ?

ಹಳೇಪೇಟೆ ಗ್ರಂಥಪಾಲಕ

ಹೌದು. ಬೇರು ಇರುವುದು ದಾನಿಯೇಲನ ಪುಸ್ತಕದ ಹತ್ತನೇ ಅಧ್ಯಾಯದಲ್ಲಿ. ದಾನಿಯೇಲನ ಪ್ರಾರ್ಥನೆಗೆ ಉತ್ತರ ತರುತ್ತಿದ್ದ ದೇವದೂತನನ್ನು ಪಾರಸಿಯ (ಪರ್ಷಿಯಾದ) ಅಧಿಪತಿ 21 ದಿನ ತಡೆದ, ಮೀಕಾಯೇಲ, ಅಂದರೆ ಮೈಕಲ, ಬಂದು ಸಹಾಯ ಮಾಡಿದ. ಬೈಬಲ್ ಅಷ್ಟಕ್ಕೇ ನಿಲ್ಲಿಸುತ್ತದೆ. ಈ ಕಾದಂಬರಿಗಳು ಬಂದ ಕಾಲದಲ್ಲೇ ಪೀಟರ್ ವ್ಯಾಗ್ನರ್ ಮುಂತಾದ ಅಮೆರಿಕದ ಬೋಧಕರು ಅದನ್ನು ಹಿಗ್ಗಿಸಿದರು. ಊರೂರಿನ ನಕ್ಷೆ ಹಾಕಿ ಯಾವ ಬೀದಿಯಲ್ಲಿ ಯಾವ ಆತ್ಮದ ಆಳ್ವಿಕೆ ಅಂತ ಗುರುತು ಮಾಡುವುದು ಶುರುವಾಯಿತು. ಕಾದಂಬರಿಕಾರ ಕಥೆಗಾಗಿ ಕಟ್ಟಿದ್ದು ಯಾವುದು, ವಚನ ಹೇಳಿದ್ದು ಯಾವುದು ಅಂತ ಗೆರೆ ಅಳಿಸಿಹೋಯಿತು.

ಬಡಗುತಿಟ್ಟು

ಊರಿಗೊಬ್ಬ ಒಡೆಯ ಅಂದರೆ ನಮ್ಮ ಕರಾವಳಿಯವರಿಗೆ ಹೊಸದಾ ಹೇಳಿ! ಗುತ್ತಿನ ಮನೆಗೊಂದು, ಗ್ರಾಮಕ್ಕೊಂದು ದೈವ. ಆದರೆ ಅದು ವರ್ಷಕ್ಕೊಮ್ಮೆ ಅಂಗಳಕ್ಕೆ ಬಂದು ನ್ಯಾಯ ಹೇಳುತ್ತದೆ. ಅಣ್ಣತಮ್ಮಂದಿರ ಜಗಳ ಕೇಳುತ್ತದೆ. ತಪ್ಪು ಮಾಡಿದ ದೊಡ್ಡ ಮನೆಯ ಯಜಮಾನನನ್ನೂ ಎಲ್ಲರ ಎದುರು ಗದರಿಸುತ್ತದೆ. ಅದನ್ನು ಯಾರೋ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಟ್ಟು ಶತ್ರು ಅಂದರೆ ನನಗೆ ಬೇಜಾರಾಗುತ್ತದೆ. ಸಿಟ್ಟಲ್ಲ, ಬೇಜಾರು.

ಬಲ್ಮಠದವಳು

ನೀವು ಬೇಜಾರು ಅಂತ ನೇರವಾಗಿ ಹೇಳಿದ್ದು ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ಇದರ ಬಗ್ಗೆ ಎರಡು ಮಾತು ಇತ್ತು. ಅಜ್ಜ ದೈವದ ಕೋಲಕ್ಕೆ ಹೋಗುತ್ತಿರಲಿಲ್ಲ. ಆದರೆ ಕೋಲದ ರಾತ್ರಿ ನೆರೆಮನೆಯವರ ಮಕ್ಕಳು ನಮ್ಮ ಚಾವಡಿಯಲ್ಲೇ ಮಲಗುತ್ತಿದ್ದರು. ಅಜ್ಜಿ ಅವರಿಗೆ ಚಾಪೆ ಹಾಕಿಕೊಡುತ್ತಿದ್ದರು. ಕರ್ನಾಟಕದಲ್ಲಿ ನಾವು ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಆಷ್ಟನ್ ಊರಿನಲ್ಲಿ ಎಲ್ಲರೂ ಚರ್ಚಿನವರೇ, ಹೊರಗಿನವರು ಬಂದು ಕೆಡಿಸುತ್ತಾರೆ. ನಮ್ಮ ಊರಿನಲ್ಲಿ ಆ ಲೆಕ್ಕ ಕೂಡುವುದೇ ಇಲ್ಲ. ದೊಡ್ಡಮ್ಮ ಪುಸ್ತಕ ಕೊಡುವಾಗ ಇದನ್ನು ಯೋಚಿಸಿರಲಿಕ್ಕಿಲ್ಲ.

ಕರಡುಪ್ರತಿ
ಮಂಗಳವಾರ, ಮಧ್ಯಾಹ್ನ 3:15

ಗುಟ್ಟು ಹೇಳುತ್ತೇನೆ. ನಾನು ಕನ್ನಡದಲ್ಲಿ ಇಂಥದ್ದೊಂದು ಥ್ರಿಲ್ಲರ್ ಬರೆಯುತ್ತಿದ್ದೇನೆ. ಕೋಲಾರದ ಕಡೆಯ ಒಂದು ಸಭೆ, ಜಮೀನಿನ ವ್ಯಾಜ್ಯ, ನಾಪತ್ತೆಯಾದ ಕಾಣಿಕೆ ದುಡ್ಡು. ಎಂಬತ್ತು ಪುಟ ಆಗಿದೆ. ಈ ಚರ್ಚೆ ಓದಿ ಕೈ ನಿಂತಿದೆ. ದೆವ್ವಗಳನ್ನು ತೋರಿಸಲೋ ಬೇಡವೋ?

ಬೆಂದೂರ್‌ವೆಲ್ ಪೊರ್ಬು

ಕಾಣಿಕೆ ದುಡ್ಡು ಅಂದ ಮೇಲೆ ದೆವ್ವ ಬೇರೆ ಬೇಕಾ?

ಹಳೇಪೇಟೆ ಗ್ರಂಥಪಾಲಕ

ಚಾರ್ಲ್ಸ್ ವಿಲಿಯಮ್ಸ್ 1930ರಲ್ಲಿ ಬರೆದ 'ವಾರ್ ಇನ್ ಹೆವನ್' ಓದಿ ನೋಡಿ. ಪತ್ತೇದಾರಿ ಕಥೆಯಂತೆ ಶುರು. ಪುಸ್ತಕ ಪ್ರಕಾಶನದ ಆಫೀಸಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿದೆ, ಮೇಜಿನ ಕೆಳಗೆ ಹೆಣ. ಆಮೇಲೆ ಹಳ್ಳಿಯ ಚರ್ಚಿನಲ್ಲಿ ಧೂಳು ಹಿಡಿದು ಕೂತಿರುವ ಬಟ್ಟಲೇ ಯೇಸು ಕಡೆಯ ಊಟದಲ್ಲಿ ಬಳಸಿದ್ದು ಅಂತ ಗೊತ್ತಾಗುತ್ತದೆ. ಅದಕ್ಕಾಗಿ ಎಳೆದಾಟ. ಅಲ್ಲಿನ ಹಿರಿಯ ಪಾದ್ರಿ ಕತ್ತಿ ಹಿಡಿಯುವುದಿಲ್ಲ, ಕೂಗುವುದಿಲ್ಲ, ಮೆಲ್ಲಗೆ ಕೀರ್ತನೆ ಗುನುಗುತ್ತಾನೆ. ಅವನ ಆ ಸಮಾಧಾನ ಕಂಡರೇ ಖಳರಿಗೆ ಮೈ ಉರಿ.

ರಾತ್ರಿಪಾಳಿ

ನನ್ನದೊಂದು ಕೋರಿಕೆ. ನಿಮ್ಮ ಕಥೆಯಲ್ಲಿ ಕಾಯಿಲೆಯವರಿದ್ದರೆ ಅವರ ಮೇಲೆ ದೆವ್ವ ಕೂರಿಸಬೇಡಿ. ದುಡ್ಡು ತಿಂದವನ ಮೇಲೆ ಎಷ್ಟು ಬೇಕಾದರೂ ಕೂರಿಸಿ.

ಉಪವಾಸ ಶುಕ್ರವಾರ

ತೋರಿಸಿ ತಮ್ಮಾ, ಹೆದರಬೇಡಿ. ಕಾಣದ್ದನ್ನು ಕಾಣಿಸುವುದೇ ಈ ಬಗೆಯ ಪುಸ್ತಕದ ರುಚಿ. ಆದರೆ ಒಂದು ದೆವ್ವವನ್ನು ಪ್ರಾರ್ಥನೆ ಮಾಡುವವನ ಹೆಗಲ ಮೇಲೂ ಕೂರಿಸಿ. ನನ್ನ ಹೆಗಲ ಮೇಲೆ ಒಂದಿದೆ. ಮೂರು ದಿನ ಉಪವಾಸ ಮಾಡಿದೆ ಅಂತ ನಾಲ್ಕು ಜನರಿಗೆ ಹೇಳಿಸುತ್ತದೆ. ನೋಡಿ, ಇಲ್ಲಿ ಹೆಸರೇ ಅದನ್ನು ಇಟ್ಟುಕೊಂಡಿದ್ದೇನೆ.

ಬಡಗುತಿಟ್ಟು

ಮತ್ತೆ ಅದಕ್ಕೆ ಅರ್ಥಗಾರಿಕೆ ಕೊಡಿ!

ಕರಡುಪ್ರತಿ

ಬರೆದುಕೊಂಡೆ. ಎಂಬತ್ತರಲ್ಲಿ ಐವತ್ತು ಪುಟ ಹರಿಯಬೇಕು ಅನಿಸುತ್ತಿದೆ.

ಬಲ್ಮಠದವಳು
ಬುಧವಾರ, ರಾತ್ರಿ 10:05

ಇದನ್ನೆಲ್ಲ ದೊಡ್ಡಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಯೋಗ ಆಂಟಿ ವಿಷಯ ಬಂದಾಗ ಜೋರಾಗಿ ನಕ್ಕರು. ಮೊಣಕಾಲು ನೋವಿಗೆ ಡಾಕ್ಟರು ಹೇಳಿದರು ಅಂತ ಈಗ ಅವರೇ ಯೋಗಕ್ಕೆ ಹೋಗುತ್ತಾರಂತೆ. ರಾತ್ರಿಪಾಳಿ ಅಕ್ಕ ಬರೆದದ್ದು ಓದುವಾಗ ಮಾತ್ರ ಏನೂ ಹೇಳಲಿಲ್ಲ. ಕೊನೆಗೆ, "ಎರಡನೇ ಭಾಗ ನನ್ನ ಹತ್ತಿರ ಉಂಟು, ಬೇಕಾ?" ಅಂತ ಕೇಳಿದರು.

ಬಡಗುತಿಟ್ಟು

ಹಾಗಾದರೆ ಆ ಮೊದಲನೆಯದನ್ನು ನನಗೆ ಕಳಿಸಿ. ಮಳೆಗಾಲದಲ್ಲಿ ಯಕ್ಷಗಾನದ ಆಟ ಇಲ್ಲ, ಓದಿ ಬಿಡುತ್ತೇನೆ. ಪೋಸ್ಟಿನ ಖರ್ಚು ನನ್ನದು.